ಬೀಗರ ಅಪ್ಪುಗೆಗೆ ತಕ್ಕ ಎದೆ

ಮಲಗಿಕೊಂಡು ಮಾಡುವ ಕೆಲಸವನ್ನೂ ಮನುಷ್ಯ ತಪ್ಪಾಗಿ ಮಾಡಬಲ್ಲ ಎನ್ನುವುದಕ್ಕೆ ನನಗೆ ದಿನಾ ಬೆಳಿಗ್ಗೆ ಹೊಸ ಸಾಕ್ಷಿ ಸಿಗುತ್ತಲೇ ಇರುತ್ತದೆ. ಮೂಡಿಗೆರೆಯಲ್ಲಿ ನನ್ನದೊಂದು ಜಿಮ್ ಇದೆ. ಕೆಳಗೆ ಅಬ್ಬನ ಕಾಲದ ಗ್ಯಾರೇಜು. ಅದನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ. ಮೇಲಿನ ಮಹಡಿಯಲ್ಲಿ ನಾನು. ಅಣ್ಣನ ಹತ್ತಿರ ಬರುವ ಜೀಪುಗಳು ಹೇಳಿದ ಮಾತು ಕೇಳುತ್ತವೆ. ನನ್ನ ಹತ್ತಿರ ಬರುವ ಮನುಷ್ಯರು ಕೇಳುವುದಿಲ್ಲ.

ಡಂಬೆಲ್ ಹಿಡಿದು ಎದೆಗೆ ವ್ಯಾಯಾಮ ಮಾಡುವುದು ಬ್ರಹ್ಮವಿದ್ಯೆ ಏನಲ್ಲ. ಬೆಂಚಿನ ಮೇಲೆ ಮಲಗಬೇಕು. ಪಾದ ನೆಲಕ್ಕೆ ಊರಬೇಕು. ಬೆನ್ನಿನ ಎರಡೂ ರೆಕ್ಕೆಮೂಳೆಗಳನ್ನು ಹತ್ತಿರ ಎಳೆದುಕೊಂಡು ಬೆಂಚಿಗೆ ಒತ್ತಬೇಕು. ಮೊಣಕೈಯನ್ನು ಭುಜದ ನೇರಕ್ಕೆ ಅಗಲಿಸದೆ, ಪಕ್ಕೆಗೂ ಅಂಟಿಸದೆ, ನಡುವೆ ಇಟ್ಟುಕೊಂಡು, ಉಸಿರು ಎಳೆಯುತ್ತಾ ನಿಧಾನ ಇಳಿಸಿ, ಉಸಿರು ಬಿಡುತ್ತಾ ಎತ್ತಬೇಕು. ಇಷ್ಟೇ. ಇಷ್ಟನ್ನು ಹೇಳಿ ಹೇಳಿ ಗಟ್ಟಿಯಾಗಿದ್ದು ನನ್ನ ಗಂಟಲೇ ಹೊರತು ಇವರ್ಯಾರ ಎದೆಯೂ ಅಲ್ಲ.

ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ನನ್ನ ಬಿ.ಪಿ. ಏರುತ್ತದೆ.

೧. ಆರ್ಡರ್

ಕಾಫಿ ಕೊಯ್ಲು ಮುಗಿದ ಮೇಲೆ ಜಾವಳಿ ಕಡೆಯ ಸಾಹುಕಾರರೊಬ್ಬರು ಜಿಮ್ಮಿಗೆ ಬಂದರು. ಎತ್ತರದ ಆಳು. ಆದರೆ ಶರ್ಟು ಹ್ಯಾಂಗರಿನಲ್ಲಿ ತೂಗುವ ಹಾಗೆ ಮೈಮೇಲೆ ತೂಗುತ್ತಿತ್ತು. ಬಾಗಿಲು ಹಾಕಿಕೊಂಡು ಗುಟ್ಟು ಹೇಳುವವರಂತೆ ಹತ್ತಿರ ಬಂದರು.

"ಮಾಸ್ಟ್ರೇ, ಮಗಳ ನಿಶ್ಚಿತಾರ್ಥ ಆಯ್ತು. ಬೀಗರು ಮಿಲಿಟ್ರೀಲಿದ್ದು ರಿಟೈರ್ ಆದವ್ರು. ಎದೆ ಅಂದ್ರೆ ಬಾಗಿಲು ಮಾರಾಯ್ರೆ. ಉಂಗುರ ಹಾಕಿದ್ ಕೂಡ್ಲೆ ಖುಷೀಲಿ ನನ್ನ ತಬ್ಕೊಂಡ್ರು. ಜೇಬಲ್ಲಿದ್ದ ಕನ್ನಡಕ ಪುಡಿ. ನನ್ನ ಕಾಲು ನೆಲದಿಂದ ಮೇಲೆ ಎದ್ದಿತ್ತು. ಬಂದವ್ರೆಲ್ಲ ನಕ್ರು. ನನ್ನ ಹೆಂಡ್ತೀನೂ ನಕ್ಳು."

ಹೆಂಡತಿಯ ವಿಷಯ ಹೇಳುವಾಗ ಅವರ ದನಿ ನಿಜಕ್ಕೂ ಇಳಿದು ಹೋಯಿತು. ನನಗೂ ಪಾಪ ಅನ್ನಿಸಿತು. ಆ ಬೇಸಿಗೆಯಲ್ಲಿ ನನಗೆ ಪಾಪ ಅನ್ನಿಸಿದ್ದು ಅದೊಂದೇ ಸಲ.

"ಮೇ ತಿಂಗಳಲ್ಲಿ ರಿಸೆಪ್ಶನ್. ಊರೆಲ್ಲ ಬರತ್ತೆ. ಬೀಗರು ಮತ್ತೆ ತಬ್ಕೊಳ್ದೆ ಬಿಡಲ್ಲ. ಅಷ್ಟರಲ್ಲಿ ನಂಗೊಂದು ಎದೆ ಮಾಡ್ಕೊಡಿ."

ಬಡಗಿಗೆ ಮಂಚ ಹೇಳಿದ ಹಾಗೆ ಹೇಳಿದರು. ನಾನು, "ಮಾಡೋಣ ಸಾರ್. ನಾಳೆ ಬೆಳಿಗ್ಗೆಯಿಂದ ಬನ್ನಿ" ಅಂದೆ.

ಸಾಹುಕಾರರ ಮುಖ ಸಣ್ಣದಾಯಿತು. "ನಾನೇ ಬರ್ಬೇಕಾ?"

೨. ಈಸಿಚೇರು

ಮಾರನೇ ದಿನ ಅವರೇ ಬಂದರು. ಜೊತೆಗೆ ಟವೆಲ್ ಹಿಡಿದುಕೊಂಡು ಎಸ್ಟೇಟಿನ ರೈಟರೂ ಬಂದರು. ರೈಟರ್ ಎಂದರೆ ಆಳುಗಳ ಹಾಜರಿಯಿಂದ ಹಿಡಿದು ಟೌನಿನ ಓಡಾಟದವರೆಗೆ ಎಲ್ಲ ನೋಡಿಕೊಳ್ಳುವವರು. ಈ ರೈಟರು ಸಾಹುಕಾರರಷ್ಟೇ ಎತ್ತರ, ಅಷ್ಟೇ ಬಡಕಲು. ಹಿಂದಿನಿಂದ ನೋಡಿದರೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ.

ಚಪ್ಪಟೆ ಬೆಂಚಿನ ಮೇಲೆ ಮಲಗಿ ಅಂದೆ. ನಾಲ್ಕು ಜನರೆದುರು ಅಂಗಾತ ಮಲಗುವುದು ತಮ್ಮ ಅಂತಸ್ತಿಗೆ ಸರಿಯಲ್ಲ ಅಂದರು. ಹೋಗಲಿ ಎಂದು ಬೆಂಚಿನ ಬೆನ್ನನ್ನು ಸ್ವಲ್ಪ ಏರಿಸಿಕೊಟ್ಟೆ. ಅಷ್ಟು ಓರೆಯಾಗಿದ್ದರೆ ಎದೆಯ ಮೇಲ್ಭಾಗಕ್ಕೆ ಒಳ್ಳೆಯದೇ. ನಾನು ಆ ಕಡೆ ತಿರುಗಿದ್ದೇ ತಡ, ರೈಟರಿಗೆ ಹೇಳಿ ಇನ್ನೂ ಏರಿಸಿದರು, ಮತ್ತೂ ಏರಿಸಿದರು. ತಿರುಗಿ ನೋಡಿದರೆ ಮನೆ ಜಗಲಿಯಲ್ಲಿ ಕೂತವರಂತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ.

"ಇಷ್ಟು ನೆಟ್ಟಗೆ ಕೂತ್ರೆ ಭಾರವೆಲ್ಲ ಭುಜಕ್ಕೆ ಹೋಗತ್ತೆ ಸಾರ್. ಎದೆಗೆ ಏನೂ ಸಿಗಲ್ಲ."

"ಭುಜಕ್ಕೂ ಸ್ವಲ್ಪ ಸಿಗ್ಲಿ ಬಿಡಿ ಮಾರಾಯ್ರೆ" ಎಂದು ಧಾರಾಳವಾಗಿ ಹೇಳಿದರು.

ಆಮೇಲೆ ಡಂಬೆಲ್‌ಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವಾಗ ಬಂದೀತು ಎಂಬ ಬಗ್ಗೆ ಬಂದವರೊಡನೆಲ್ಲ ಚರ್ಚೆ ಮಾಡಿದರು. ಡಂಬೆಲ್ ತೊಡೆಯಿಂದ ಮೇಲೆ ಏಳಲಿಲ್ಲ. ಹೊರಡುವಾಗ ಎದೆ ತಟ್ಟಿಕೊಂಡು, "ಇವತ್ತಿಗೆ ಸಾಕು, ಹಿಡ್ಕೊಂಡಿದೆ" ಅಂದರು. ಬಾಗಿಲ ತನಕ ಹೋದವರು ಮತ್ತೆ ವಾಪಸ್ ಬಂದರು. "ಬೆಂಚು ಮಾತ್ರ ಫಸ್ಟ್ ಕ್ಲಾಸ್ ಮಾಸ್ಟ್ರೇ. ಊಟ ಆದ್ಮೇಲೆ ಒರಗಕ್ಕೆ ಮನೆಗೊಂದು ತರ್ಸ್ಕೊಡ್ತೀರಾ?"

೩. ಮ್ಯಾನೇಜರ್ ದರ್ಜೆಯ ತೂಕ

ಸಾಹುಕಾರರ ಪಕ್ಕದ ಬೆಂಚಿನವರು ಒಬ್ಬ ಬ್ಯಾಂಕ್ ಮ್ಯಾನೇಜರ್. ಇವರು ಎತ್ತಲಾಗದ ತೂಕವನ್ನೇ ಎತ್ತುವವರು. ಮೊಣಕೈ ಎರಡೂ ರೆಕ್ಕೆ ಬಿಚ್ಚಿದ ಕೋಳಿಯ ಹಾಗೆ ಅಗಲಕ್ಕೆ ಹೋಗುತ್ತವೆ. ಸೊಂಟ ಬೆಂಚು ಬಿಟ್ಟು ಕಮಾನಿನಂತೆ ಮೇಲೇಳುತ್ತದೆ. ಎದೆಯೊಂದನ್ನು ಬಿಟ್ಟು ದೇಹದ ಸಕಲ ಅಂಗಗಳೂ ದುಡಿಯುತ್ತವೆ.

"ಸೊಂಟ ಕೆಳಗೆ ಇರ್ಲಿ ಸಾರ್. ಭುಜದ ಕೀಲು ಹೋಗತ್ತೆ. ತೂಕ ಕಮ್ಮಿ ಮಾಡಿ."

ಮ್ಯಾನೇಜರು ನನ್ನನ್ನು ಅಡವಿಲ್ಲದೆ ಸಾಲ ಕೇಳಿದವನಂತೆ ನೋಡಿದರು. "ಅದು ಹೆಂಗ್ರೀ ಆಗತ್ತೆ? ಆ ತೂಕ ನಮ್ಮ ಕ್ಯಾಷಿಯರ್ ಎತ್ತುತ್ತಾನೆ."

ಬ್ಯಾಂಕಿನ ಬಡ್ತಿಯನ್ನೆಲ್ಲ ಡಂಬೆಲ್ಲಿಗೆ ಹಚ್ಚಿಬಿಟ್ಟಿದ್ದರು. ಮುಗಿದ ಮೇಲೆ ಡಂಬೆಲ್‌ಗಳನ್ನು ಎದೆಗೆ ತಂದು, ತೊಡೆಗೆ ಇಳಿಸಿ, ಎದ್ದು ಕೂತು ನೆಲಕ್ಕಿಡಬೇಕು. ಅವರು "ಆ...ಹ್!" ಎಂದು ಕಿರುಚಿ ಎರಡನ್ನೂ ಅತ್ತಿತ್ತ ಎಸೆದರು. ಕಟ್ಟಡ ಅದುರಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಅಣ್ಣ ಮೆಟ್ಟಿಲು ಹತ್ತಿ ಬಂದ.

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಅಣ್ಣ. ಮ್ಯಾನೇಜರ್ ಸೆಟ್ ಮುಗ್ಸಿದ್ರು."

"ಇಂಜಿನ್ ಬಿಚ್ಚಿಟ್ಟಿದೀನಿ, ಮೇಲಿಂದ ಗಾರೆ ಉದುರ್ತಾ ಇದೆ. ಒಂದೋ ಅವ್ರನ್ನ ಕೆಳಗೆ ಕಳ್ಸು, ಇಲ್ಲಾಂದ್ರೆ ಇಂಜಿನ್ನ ಇಲ್ಲಿಗೇ ತರ್ತೀನಿ."

ಇದನ್ನೆಲ್ಲ ಸಾಹುಕಾರರು ಭಕ್ತಿಯಿಂದ ನೋಡುತ್ತಿದ್ದರು. ಮಿಲಿಟರಿ ಬೀಗರನ್ನು ಎದುರಿಸಲು ಇಂಥದ್ದೇ ಬೇಕು ಎಂದು ಅವರಿಗೆ ಅನ್ನಿಸಿರಬೇಕು. ಮಾರನೇ ದಿನದಿಂದ ಡಂಬೆಲ್ ಮುಟ್ಟುವ ಮೊದಲೇ ಕಿರುಚಲು ಶುರು ಮಾಡಿದರು.

೪. ಸುತ್ತುವ ಚಕ್ರ

ಗೋಣಿಬೀಡಿನಿಂದ ಬರುವ ಬೇಕರಿಯವರೊಬ್ಬರಿಗೆ ನಾನು ಹೇಳಿಕೊಟ್ಟಿದ್ದು ರುಚಿಸುವುದಿಲ್ಲ. ಅವರ ಗುರು ಮೊಬೈಲಿನೊಳಗೆ ಇದ್ದಾನೆ. ಅವನಿಗೆ ಆರು ತುಂಡು ಹೊಟ್ಟೆ ಇದೆ, ನನಗೆ ಒಂದೇ ತುಂಡು. ಆದ್ದರಿಂದ ಅವನೇ ಸರಿ. ಕಿಟಕಿಗೆ ಫೋನ್ ಒರಗಿಸಿ, ವಿಡಿಯೋ ನೋಡುತ್ತಾ ಅವನು ಮಾಡಿದಂತೆ ಮಾಡುತ್ತಾರೆ.

ಅವತ್ತು ಫ್ಲೈ ಮಾಡುತ್ತಿದ್ದರು. ಮಲಗಿಕೊಂಡು, ಮೊಣಕೈ ಸ್ವಲ್ಪ ಬಾಗಿಸಿ, ದೊಡ್ಡ ಮರವನ್ನು ತಬ್ಬುವಂತೆ ತೋಳು ತೆರೆದು ಮುಚ್ಚುವ ವ್ಯಾಯಾಮ ಅದು. ತೋಳು ಎದೆಯ ಮಟ್ಟಕ್ಕೆ ಬಂದ ಕೂಡಲೇ ವಾಪಸ್ ಎತ್ತಬೇಕು. ಬೇಕರಿಯವರ ತೋಳು ಪೂರ್ತಿ ತೆರೆದಿತ್ತು. ತೆರೆದೇ ಇತ್ತು. ಮುಖ ಕೆಂಪಾಯಿತು, ಕೈ ಗಡಗಡ ನಡುಗಿತು, ಆದರೂ ತೋಳು ಮುಚ್ಚಲಿಲ್ಲ.

ಓಡಿ ಹೋದೆ. "ಎತ್ತಿ ಮಾರಾಯ್ರೆ! ಭುಜ ಕಿತ್ಕೊಂಡ್ ಬರತ್ತೆ!"

"ಎತ್ತೋ ಹಂಗಿಲ್ಲ" ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. "ಅವ್ನಿನ್ನೂ ಎತ್ತಿಲ್ಲ."

ಫೋನ್ ನೋಡಿದೆ. ಗುರು ತೋಳು ತೆರೆದುಕೊಂಡು ನಿಂತುಬಿಟ್ಟಿದ್ದ. ಅವನ ಮುಖದ ಮೇಲೆ ಬಿಳಿ ಚಕ್ರ ಸುತ್ತುತ್ತಿತ್ತು. ನಮ್ಮ ಗುಡ್ಡದ ನೆಟ್‌ವರ್ಕ್ ಎಂದಿನಂತೆ ಹೋಗಿತ್ತು. ನಾನು ಡಂಬೆಲ್ ಕಿತ್ತುಕೊಂಡು ಅವರನ್ನು ಎಬ್ಬಿಸಿದೆ. ಸಾಹುಕಾರರು ಆರಾಮ ಬೆಂಚಿನಿಂದಲೇ ಕತ್ತು ಉದ್ದ ಮಾಡಿ ಹೇಳಿದರು: "ಬೀಗರು ತಬ್ಕೊಂಡಾಗ ನೆಟ್‌ವರ್ಕ್ ಹೋದ್ರೆ ನನ್ನ ಕತೆ ಏನು?"

೫. ಟೌನಿನ ಕೆಲಸ

ಒಂದು ದಿನ ಸಾಹುಕಾರರು ಬರಲಿಲ್ಲ. ರೈಟರು ಒಬ್ಬರೇ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲಿ ಬೆಂಚಿನ ಮೇಲೆ ಮಲಗಿಬಿಟ್ಟರು.

"ಏನ್ ರೈಟ್ರೇ?"

"ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ಸ್ತಾ ಇದಾರೆ, ಸಾವ್ಕಾರ್ರಿಗೆ ಬಿಡುವಿಲ್ಲ. ನಂಗೆ ಹೇಳಿದಾರೆ. ಡೀಸೆಲ್ ತರ್ಬೇಕು, ಪೇಪರ್ ತರ್ಬೇಕು, ಅವ್ರ ಎದೆ ಮಾಡ್ಸ್ಕೊಂಡು ಬರ್ಬೇಕು."

ನಾನು ತಕ್ಷಣ ಸಾಹುಕಾರರಿಗೆ ಫೋನ್ ಮಾಡಿದೆ. ಇದು ಒಬ್ಬರ ಬದಲು ಇನ್ನೊಬ್ಬರು ಮಾಡುವ ಕೆಲಸ ಅಲ್ಲ ಎಂದು ಬಿಡಿಸಿ ಹೇಳಿದೆ. ಅವರಿಗೆ ಸಿಟ್ಟೇ ಬಂತು.

"ಟೌನಿನ ಕೆಲಸವೆಲ್ಲ ಅವ್ರೇ ಮಾಡೋದು ಮಾಸ್ಟ್ರೇ. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ನಂಬಿಕಸ್ಥರು. ನೀವು ಯೋಚ್ನೆ ಮಾಡ್ಬೇಡಿ."

ಅಲ್ಲಿಗೆ ಮುಗಿಯಿತು. ಹೂಮಳೆ ಬಂತು, ಆಮೇಲೆ ಗೊಬ್ಬರ ಬಂತು, ಆಮೇಲೆ ಮದುವೆ ಓಡಾಟ ಬಂತು. ಸಾಹುಕಾರರು ಮಾತ್ರ ಬರಲೇ ಇಲ್ಲ. ರೈಟರು ಒಂದು ದಿನವೂ ತಪ್ಪಿಸಲಿಲ್ಲ. ಹೇಳಿದಂತೆ ಮಲಗುತ್ತಿದ್ದರು, ಹೇಳಿದಂತೆ ಉಸಿರು ಬಿಡುತ್ತಿದ್ದರು. ಕಿರುಚುವುದಿಲ್ಲ, ಎಸೆಯುವುದಿಲ್ಲ, ಮೊಬೈಲ್ ನೋಡುವುದಿಲ್ಲ. ನನ್ನ ಜಿಮ್ಮಿನ ಇತಿಹಾಸದಲ್ಲೇ ಮಾತು ಕೇಳಿದ ಏಕೈಕ ಪ್ರಾಣಿ. ಇಷ್ಟು ಜೋಪಾನ ಯಾಕೆ ಎಂದು ಒಮ್ಮೆ ಕೇಳಿದೆ.

"ನಂದಾಗಿದ್ರೆ ಹೆಂಗೋ ಮಾಡ್ತಿದ್ದೆ" ಅಂದರು. "ಸಾವ್ಕಾರ್ರದ್ದಲ್ವಾ, ಹಾಳಾಗ್ಬಾರ್ದು."

೬. ಅಳತೆಯ ಕೋಟು

ರಿಸೆಪ್ಶನ್ನಿಗೆ ಕೋಟು ಹೊಲಿಸಬೇಕಿತ್ತು. ಅಳತೆ ಕೊಡುವುದೂ ಟೌನಿನ ಕೆಲಸವೇ. ಇಬ್ಬರದ್ದೂ ಒಂದೇ ಮೈಕಟ್ಟು ಎಂದು ವರ್ಷಗಳಿಂದ ಸಾಹುಕಾರರ ಅಂಗಿಗಳಿಗೆ ರೈಟರೇ ಟೈಲರ್ ಮುಂದೆ ನಿಂತು ಅಳತೆ ಕೊಡುತ್ತಿದ್ದರಂತೆ. ಈ ಸಲವೂ ಕೊಟ್ಟರು. ಟೈಲರು ಎದೆಗೆ ಟೇಪು ಸುತ್ತಿ, ಹಳೇ ಅಳತೆ ನೆನಪಾಗಿ, ಟೇಪನ್ನೇ ಅನುಮಾನದಿಂದ ನೋಡಿದರಂತೆ. ಕೊನೆಗೆ "ಸಾವ್ಕಾರ್ರು ಭಾರಿ ಇಂಪ್ರೂವ್ ಆಗಿದಾರೆ" ಅಂದರಂತೆ.

ರಿಸೆಪ್ಶನ್ ದಿನ ನನಗೂ ಕರೆಯಿತ್ತು. ಸ್ಟೇಜಿನ ಪಕ್ಕದಲ್ಲಿ ಸಾಹುಕಾರರು ಸಿಕ್ಕರು. ಕೋಟಿನ ಎದೆಯೊಳಗೆ ಇನ್ನೊಬ್ಬರು ಆರಾಮಾಗಿ ಕೂರಬಹುದಿತ್ತು. ಮುಖ ಬಿಳಚಿಕೊಂಡಿತ್ತು. ನನ್ನನ್ನು ಮೂಲೆಗೆ ಎಳೆದರು.

"ಏನ್ರೀ ನಿಮ್ ಜಿಮ್ಮು? ಇಷ್ಟು ದಿನ ಒಂದು ದಿನ ತಪ್ಪಿಸ್ದೆ ಕಳ್ಸಿದೀನಿ. ಕೋಟು ನೋಡಿ. ಇದ್ದ ಎದೇನೂ ಹೋಯ್ತಲ್ರೀ!"

೭. ಅಪ್ಪುಗೆ

ಹೀಗೆ ಬೈಯುತ್ತಿರುವಾಗಲೇ ಅವರ ಹೆಸರು ಕೂಗಿದರು. ಎರಡೂ ಕಡೆಯ ಹಿರಿಯರು ಸ್ಟೇಜಿಗೆ ಬರಬೇಕಂತೆ. ಬೀಗರು ಆಗಲೇ ಮೇಲೆ ನಿಂತಿದ್ದರು. ನಾನು ಅವರನ್ನು ಮೊದಲ ಸಲ ನೋಡಿದ್ದು. ಸಾಹುಕಾರರು ಬಾಗಿಲು ಅಂದದ್ದು ಕಮ್ಮಿಯಾಯಿತು, ಗೇಟು ಅನ್ನಬೇಕಿತ್ತು. ಹಾಲ್ ತುಂಬ ಜನ. ಮುಂದಿನ ಸಾಲಿನಲ್ಲಿ ಸಾಹುಕಾರರ ಹೆಂಡತಿ, ಈಗಲೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಾರೆ.

ಸಾಹುಕಾರರು ಮೆಟ್ಟಿಲು ಹತ್ತಿದರು. ಬೀಗರು "ಬನ್ನಿ ಬೀಗರೇ!" ಎಂದು ಗರ್ಜಿಸಿ ಎರಡೂ ತೋಳು ಅಗಲಿಸಿದರು. ಸಾಹುಕಾರರು ಒಂದು ಹೆಜ್ಜೆ ಮುಂದಿಟ್ಟರು. ನಿಂತರು. ಕೋಟಿನೊಳಗೆ ಇನ್ನಷ್ಟು ಕುಗ್ಗಿದರು. ಆಮೇಲೆ, ಹುಟ್ಟಿದಾಗಿನಿಂದ ಕಷ್ಟದ ಕೆಲಸ ಎದುರಾದಾಗಲೆಲ್ಲ ಏನು ಮಾಡುತ್ತಾ ಬಂದರೋ ಅದನ್ನೇ ಮಾಡಿದರು.

"ರೈಟ್ರೇ!"

ರೈಟರು ಕೈಯಲ್ಲಿದ್ದ ಹಾರಗಳ ಬುಟ್ಟಿ ಕೆಳಗಿಟ್ಟು ಬಂದರು. ಸಾಹುಕಾರರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೀಗರಿಗೆ ತೋಳು ಮುಚ್ಚುವಷ್ಟರಲ್ಲಿ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ರೈಟರು ಪಾದ ಊರಿದರು, ರೆಕ್ಕೆಮೂಳೆ ಹಿಂದಕ್ಕೆ ಎಳೆದುಕೊಂಡರು, ಉಸಿರು ಎಳೆದು ತೋಳು ತೆರೆದರು. ಉಸಿರು ಬಿಡುತ್ತಾ ಮುಚ್ಚಿದರು. ಬೀಗರ ಬಾಯಿಂದ ಟಯರಿನ ಗಾಳಿ ಬಿಟ್ಟಂಥ ಸದ್ದು ಬಂತು. ಮಿಲಿಟರಿ ಬೂಟುಗಳು ಸ್ಟೇಜಿನ ಕಾರ್ಪೆಟ್ ಬಿಟ್ಟು ಮೇಲೆದ್ದವು, ಸ್ವಲ್ಪ ಹೊತ್ತು ಅಲ್ಲಾಡಿದವು. ರೈಟರು ಅವರನ್ನು ಎಸೆಯದೆ, ನಾನು ಕಲಿಸಿದ ಹಾಗೇ ನಿಧಾನ ಇಳಿಸಿದರು. ಬೀಗರು ಮದುಮಗನ ಕುರ್ಚಿಯಲ್ಲಿ ಕುಸಿದು ಕೂತು ನೀರು ಕೇಳಿದರು.

ಹೆಣ್ಣಿನ ಕಡೆಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಸಾಹುಕಾರರ ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದರು, ರೈಟರ ಕಡೆ ನೋಡಿಕೊಂಡು.

ಸಾಹುಕಾರರು ಸ್ಟೇಜಿನಿಂದ ಇಳಿದು ನೇರ ನನ್ನ ಹತ್ತಿರ ಬಂದರು. ಹಣೆಯ ಬೆವರು ಒರೆಸಿಕೊಂಡರು. ಜೇಬು ಮುಟ್ಟಿ ನೋಡಿ, ಕನ್ನಡಕ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡರು. ಎದೆ ಉಬ್ಬಿಸಲು ನೋಡಿದರು. ಕೋಟಿನೊಳಗೆ ಅದು ಎಲ್ಲಿ ಉಬ್ಬಿತೋ ಹೊರಗೆ ಕಾಣಲಿಲ್ಲ.

"ನೋಡಿದ್ರಾ ಮಾಸ್ಟ್ರೇ, ಕಷ್ಟಪಟ್ಟಿದ್ದಕ್ಕೂ ಸಾರ್ಥಕ ಆಯ್ತು" ಅಂದರು. ಆಮೇಲೆ ಭುಜ ಒತ್ತಿಕೊಳ್ಳುತ್ತಾ, "ನಾಳೆ ಮಾತ್ರ ರೈಟರನ್ನ ಕಳ್ಸಲ್ಲ. ನಂಗೆ ವಿಪರೀತ ಮೈಕೈ ನೋವು."