ಹೆಗಲೇರಿದ ಮನೆ

ಅವತ್ತು ಬೆಳಿಗ್ಗೆ ಸಮುದ್ರ ತಿಬೊನ ಅಡುಗೆಮನೆಗೆ ನುಗ್ಗಿ ಅನ್ನದ ಪಾತ್ರೆಯನ್ನು ಹೊತ್ತೊಯ್ಯದಿದ್ದರೆ ಊರಿಗೆ ನ್ಯಾಯದ ನೆನಪೇ ಬರುತ್ತಿರಲಿಲ್ಲ. ದಡದ ಕೊನೆಯ ಬಿದಿರುಮನೆ ಅವನದು. ಇನ್ನೊಂದು ದೊಡ್ಡ ಉಬ್ಬರ ಬಂದರೆ ಮನೆಗೇ ಎಳ್ಳುನೀರು.

ಊರಿನ ಮುಖ್ಯಸ್ಥ ಕಪ್ತಾನ ರುಫೊ ಚರ್ಚಿನ ಅಂಗಳದಲ್ಲಿ ಸಭೆ ಕರೆದ. "ಹೊಗೆ ಬಿಟ್ಟು ಸಮುದ್ರ ಉಕ್ಕಿಸೋರು ಎಲ್ಲೋ ದೊಡ್ಡ ದೇಶದೋರು, ಮುಳುಗೋನು ನಮ್ಮ ತಿಬೊ. ಇದು ನ್ಯಾಯವೇನ್ರಪ್ಪಾ?"

"ಎಲ್ಲಿಯ ನ್ಯಾಯ," ಅಂದಿತು ಸಭೆ.

"ಹಂಗಾದ್ರೆ ಅವನ ಮನೇನ ಮೇಲಕ್ಕೆ ಹೊತ್ಕೊಂಡು ಬರೋಣ. ಜಾಗ ಇರೋರು ಜಾಗ ಬಿಡಬೇಕು. ಒಪ್ಪೋರು ಕೈ ಎತ್ತಿ."

ಎಲ್ಲರ ಕೈಯೂ ಮೇಲೆ. ಒಣಮೀನು ಮಾರುವ ಮನಾಂಗ್ ಪಾಸಿಂಗ್, ಊರಿಗೆಲ್ಲ ಅಕ್ಕ, ಎರಡೂ ಕೈ ಎತ್ತಿದಳು. ತಿಬೊನಿಗೆ ಕಣ್ಣು ತುಂಬಿಬಂತು. ಮನೆ ಹೊತ್ತವರಿಗೆ ಊಟ ಹಾಕುವುದು ಪದ್ಧತಿ. ಕ್ರಿಸ್‌ಮಸ್ಸಿಗೆಂದು ಸಾಕಿದ್ದ ಹಂದಿಯನ್ನು ಹೆಂಡತಿಯ ಮಾತೂ ಕೇಳದೆ ಕೊಯ್ಯಿಸಿ, ದಡದಲ್ಲೇ ಕೆಂಡದ ಮೇಲೆ ಸುಡಲು ಹೇಳಿದ.

ಬೊಂಬು ಕಟ್ಟಿ ಗಂಡಸರು ಮನೆಗೆ ಹೆಗಲು ಕೊಟ್ಟರು. ತಿಬೊನ ಅತ್ತೆ ಕುಲಾಸ ಮಾತ್ರ ಮನೆಯಿಂದ ಇಳಿಯಲಿಲ್ಲ. "ವರ್ಷಾವರ್ಷ ಮೆರವಣಿಗೇಲಿ ಸಂತರನ್ನ ಹೊರ್ತೀರಲ್ಲ, ಇವತ್ತು ನನ್ನ ಹೊರ್ರಿ," ಎಂದು ಕಿಟಕಿಯಲ್ಲಿ ಕೂತಳು.

ಮೊದಲು ಪಾಸಿಂಗಳ ಖಾಲಿ ಅಂಗಳ. "ಇಲ್ಲಿ ಬೇಡಪ್ಪಾ. ಮೀನು ಒಣಗೋ ಜಾಗ. ನೆರಳು ಬಿದ್ರೆ ಕೊಳೀತದೆ. ಮೊದಲೇ ಹವಾಮಾನ ಕೆಟ್ಟಿದೆ."

"ಕೈ ಎತ್ತಿದ್ರಲ್ಲ ಮನಾಂಗ್," ಅಂದ ತಿಬೊ.

"ಎತ್ತಿದ್ದು ನ್ಯಾಯಕ್ಕೆ ಕಣೋ, ನನ್ನ ಅಂಗಳಕ್ಕಲ್ಲ."

ಕಪ್ತಾನನ ಹಿತ್ತಲಿಗೆ ಹೋದರು. "ಭಾನುವಾರ ಕೋಳಿಪಂದ್ಯ ಇದೆ ತಿಬೊ. ಹೊಸ ಮುಖ ಕಂಡ್ರೆ ನನ್ನ ಹುಂಜಗಳಿಗೆ ಮನಸ್ಸು ಕದಡ್ತದೆ. ತತ್ವಕ್ಕೆ ನನ್ನ ಬೆಂಬಲ ಇದ್ದೇ ಇದೆ." ಬಾಸ್ಕೆಟ್‌ಬಾಲ್ ಅಂಕಣದಲ್ಲಂತೂ ಬೊಂಬು ಹೊತ್ತವರೇ ತಿರುಗಿಬಿದ್ದರು. "ಇಲ್ಲಿಟ್ರೆ ನಾವು ಆಡೋದೆಲ್ಲಿ ತಿಬೊಣ್ಣ?"

ಸಂಜೆಯಾಯಿತು. ಹೆಗಲು ಸೋತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಆಗ ದಡದಿಂದ ಹಂದಿ ಬೆಂದ ಘಮಲು ಬಂತು. ಕಾಲುಗಳು ತಾವೇ ಇಳಿಜಾರು ಹಿಡಿದವು. "ಎಲ್ಲಿಗ್ರೋ?" ಎಂದು ತಿಬೊ ಬೊಂಬು ಹಿಡಿದೆಳೆದ. ಒಬ್ಬನ ಎಳೆತಕ್ಕೆ ಮನೆ ನಿಲ್ಲುತ್ತದೆಯೇ? ಮೊದಲಿದ್ದ ಜಾಗದಲ್ಲೇ ದೊಪ್ಪನೆ ಇಳಿಸಿ, ಊರಿಗೆ ಊರೇ ಬಾಳೆಲೆಯ ಮುಂದೆ ಕೂತಿತು.

ಕಪ್ತಾನ ಬೆರಳು ನೆಕ್ಕಿದ. "ಒಬ್ಬರಾದ್ರೂ ವಿರೋಧ ಮಾಡಿದ್ರಾ ನೋಡು. ಇಂಥ ಊರು ಎಲ್ಲಿ ಸಿಗ್ತದೆ? ಇನ್ನೊಂದು ಹಂದಿ ಸಾಕಿಟ್ಕೋ, ಬರೋ ವರ್ಷ ಮತ್ತೆ ಹೊರೋಣ."

ಎಲ್ಲರೂ ತೇಗಿ ಹೊರಟ ಮೇಲೆ ತಿಬೊ ಎಲೆ ಎತ್ತುತ್ತಿದ್ದ. ಹಸಿವಿನ ಅವಸರದಲ್ಲಿ ಮನೆಯನ್ನು ಹಿಂದುಮುಂದಾಗಿ ಇಟ್ಟಿದ್ದು ಆಗ ಕಂಡಿತು. ಉಬ್ಬರದ ಅಲೆ ಹೊಸ್ತಿಲು ಮುಟ್ಟಿ ಹೋಯಿತು.

"ತಿಬೊ," ಅಂದಳು ಅತ್ತೆ ಕಿಟಕಿಯಿಂದ. "ಇಷ್ಟು ದಿನ ಸಮುದ್ರ ಹಿತ್ತಲಿಂದ ಕಳ್ಳನ ಹಾಗೆ ಬರ್ತಿತ್ತು. ಈಗ ನೆಂಟನ ಹಾಗೆ ಮುಂಬಾಗಿಲಿಗೇ ಬಂದಿದೆ. ಉಳಿದಿರೋ ಪಾತ್ರೆ ಎತ್ತಿಡು."