ಗಿಣಿಯ ರೆಕ್ಕೆಯ ಮೇಲೊಂದು ಕೆಂಪು ಚುಕ್ಕೆ

ಅನುಮಾನ ಪಡುವುದನ್ನು ನಾನು ಕಲಿತದ್ದು ಕಾನ್ವೆಂಟಿನಲ್ಲಿ. ನೀಡಲ್‌ವರ್ಕ್ ಕ್ಲಾಸ್ ಮುಗಿದ ಮೇಲೆ ನಮ್ಮ ಸಿಸ್ಟರ್ ಸೂಜಿಗಳನ್ನು ಎಣಿಸಿ ವಾಪಸ್ ಪಡೆಯುತ್ತಿದ್ದರು. ಒಂದು ಕಡಿಮೆಯಾದರೆ ಯಾವ ಹುಡುಗಿಯ ಮುಖ ಎಲ್ಲರಿಗಿಂತ ಹೆಚ್ಚು ಏಂಜಲ್‌ನಂತೆ ಕಾಣುತ್ತದೋ ಅವಳ ಜೇಬನ್ನೇ ಮೊದಲು ನೋಡುತ್ತಿದ್ದರು. ಎಪ್ಪತ್ತು ದಾಟಿದರೂ ಆ ಪಾಠ ನನ್ನನ್ನು ಬಿಟ್ಟಿಲ್ಲ. ತೀರಾ ಸಾಧುವಾದವರು ಪಕ್ಕದಲ್ಲಿ ಕೂತರೆ ನನ್ನ ಕೈ ತಾನಾಗಿಯೇ ಹ್ಯಾಂಡ್‌ಬ್ಯಾಗಿನ ಜಿಪ್ ಹುಡುಕುತ್ತದೆ.

ಆದ್ದರಿಂದ ಅರಸೀಕೆರೆಯಲ್ಲಿ ಗಾಜಿನ ಚೂರು ಅಂಟಿಸಿ ಚಿತ್ರ ಮಾಡುವ ಮೊಸಾಯಿಕ್ ಕ್ಲಾಸಿನಲ್ಲಿ ಹಳೇಬೀಡಿನ ಪದ್ಮಾವತಮ್ಮ ನನ್ನ ಪಕ್ಕದಲ್ಲಿ ಬಂದು ಕೂತಾಗಲೇ ನಾನು ಎಚ್ಚರವಾದೆ. ಬಿಳಿ ಸೀರೆ, ಮೆತ್ತನೆ ಮಾತು. ಇರುವೆ ಕಂಡರೂ ಸರಿದು ದಾರಿ ಬಿಡುವ ಜೈನರ ಹೆಣ್ಣುಮಗಳು. ಸಿಸ್ಟರ್ ಇದ್ದಿದ್ದರೆ ಮೊದಲು ಅವರನ್ನೇ ನಿಲ್ಲಿಸುತ್ತಿದ್ದರು.

ಕ್ಲಾಸು ನಡೆಯುವುದು ನಮಗೆ ಕಲಿಸುವ ಸ್ಮಿತಾ ಎಂಬ ಹುಡುಗಿಯ ಮನೆಯ ಹಾಲಿನಲ್ಲಿ. ಹಾಲಿಗೆ ಅಂಟಿಕೊಂಡೇ ದೇವರ ಮನೆ ಇರುವುದರಿಂದ ಚಪ್ಪಲಿ ಬಾಗಿಲಾಚೆ. ಗಾಜು ಕತ್ತರಿಸುವ ಕಡೆ ಬರಿಗಾಲಲ್ಲಿ ಕೂರುವುದೆಂದರೆ ಹೇಗೆ ಎಂದು ಮೊದಲ ದಿನವೇ ಕೇಳಿದ್ದೆ. "ಏನೂ ಆಗಲ್ಲ ಆಂಟಿ, ಜಮಖಾನ ಹಾಸಿದೀನಲ್ಲ" ಎಂದಳು. ಸೇಫ್ಟಿ ಎಂದರೆ ಜಮಖಾನ.

"ನಿಮ್ಮದೇ ಅನ್ನೋ ಗಾಜು ತನ್ನಿ, ನಿಮ್ಮದೇ ಅನ್ನೋ ಚಿತ್ರ ಮಾಡಿ" ಎಂದಿದ್ದಳು ಸ್ಮಿತಾ. ನಾನು ತಂದದ್ದು ಹಸಿರು ಬಳೆಯ ಚೂರುಗಳನ್ನು. ಮದುವೆಯಾದ ಹೊಸತರಲ್ಲಿ ಬೇಲೂರಿನ ದೇವಸ್ಥಾನದೆದುರು ನಮ್ಮೆಜಮಾನರು ಚೌಕಾಸಿ ಮಾಡದೆ ಕೊಡಿಸಿದ ಬಳೆಗಳು ಅವು. ಅವರು ಚೌಕಾಸಿ ಮಾಡದ್ದು ಆಯುಷ್ಯದಲ್ಲಿ ಅದೊಂದೇ ಸಲ. ಒಡೆದ ಬಳೆ ಮನೆಯಲ್ಲಿಡಬಾರದು ಎನ್ನುತ್ತಾರೆ. ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ನಮ್ಮೆಜಮಾನರು ಹಾರನಹಳ್ಳಿಯವರು. ನಾನು ಬಾಯಿ ತೆರೆದರೆ ಸಾಕು, "ಶುರುವಾಯ್ತು ನೋಡು ನನ್ ಇಂಗ್ಲಿಷ್ ಗಿಣಿ" ಎನ್ನುತ್ತಿದ್ದರು. ಈಗ ಹಾಗೆ ಕರೆಯುವವರಿಲ್ಲ. ಅದಕ್ಕೇ ಗಿಣಿಯನ್ನೇ ಮಾಡೋಣವೆಂದು ಹೊರಟೆ. ಬಳೆಯ ಬಾಗು ರೆಕ್ಕೆಯ ಗರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಚೂರುಗಳು ಒಂದು ಗಿಣಿಗೆ ಸರಿಹೋಗುವಷ್ಟೇ.

ಎರಡನೆಯ ವಾರಕ್ಕೆ ನನ್ನ ಚೂರುಗಳ ಬಟ್ಟಲು ಬರಿದಾಗತೊಡಗಿತು. ಬಾಲ ಮುಗಿಯಿತು, ಹೊಟ್ಟೆ ಮುಗಿಯಿತು, ರೆಕ್ಕೆಗೆ ಮಾತ್ರ ಸಾಲುವಷ್ಟು ಚೂರಿಲ್ಲ. ಪಕ್ಕಕ್ಕೆ ನೋಡಿದರೆ ಪದ್ಮಾವತಮ್ಮ ಕಮಲ ಮಾಡುತ್ತಿದ್ದಾರೆ. ಕಮಲಕ್ಕೆ ಎಲೆ ಬೇಡವೇ? ಎಲೆಯ ಬಣ್ಣ ಯಾವುದು? ಮೋಟಿವ್ ಸಿಕ್ಕಿತು. ಅಷ್ಟೇ ಅಲ್ಲ, ಆಗಾಗ ಅವರು ಜಮಖಾನದ ಮೇಲೆ ಕೈಯಾಡಿಸುತ್ತ, ಏನನ್ನೋ ಹೆಕ್ಕಿ ಕರ್ಚೀಫಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಮನೆಗೆ ಬಂದವಳೇ ಉಳಿದ ಚೂರುಗಳಿಗೆಲ್ಲ ಹಿಂಬದಿಯಲ್ಲಿ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟೆ. ಎವಿಡೆನ್ಸ್ ಇಲ್ಲದೆ ಆರೋಪ ಹೊರಿಸಬಾರದು, ಸಿಸ್ಟರ್ ಹೇಳಿದ್ದರು.

ಮುಂದಿನ ವಾರವೂ ಚೂರು ಕಡಿಮೆಯಾದವು. ಅದರ ಮುಂದಿನ ವಾರ ರೆಕ್ಕೆ ಅಂಟಿಸಿ ಮುಗಿಸಲೇಬೇಕಿತ್ತು. ನಾನು ಗಾಜು ಕತ್ತರಿಸುವ ಇಕ್ಕಳ ಕೆಳಗಿಟ್ಟು, ಬಹಳ ಪೊಲೈಟಾಗಿ ಕೇಳಿದೆ: "ಪದ್ಮಾವತಮ್ಮ, ಆ ಕರ್ಚೀಫ್ ಸ್ವಲ್ಪ ಬಿಚ್ಚಿ ತೋರಿಸ್ತೀರಾ?"

"ಅಯ್ಯೋ, ನಾನೇ ಕೊಡಬೇಕು ಅಂತಿದ್ದೆ ಕಣ್ರೀ" ಎಂದು ಅವರು ಗಂಟು ಬಿಚ್ಚಿದರು. ಒಳಗೆ ನನ್ನ ಬಳೆಚೂರುಗಳೆಲ್ಲ ಇದ್ದವು. "ನೀವು ಇಕ್ಕಳ ಒತ್ತುವಾಗ ಕಣ್ಣು ಮುಚ್ಕೊಂಡ್ಬಿಡ್ತೀರಿ. ಚೂರು ಚಿಮ್ಮಿ ಹಾಲ್ ತುಂಬ ಬೀಳತ್ತೆ. ಎಲ್ಲರದೂ ಬರಿಗಾಲು ನೋಡಿ, ಯಾರಾದ್ರೂ ತುಳಿದ್ರೆ ಅಂತ ಆರಿಸಿಡ್ತಿದ್ದೆ."

ಕಣ್ಣು ಮುಚ್ಚುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಮುಚ್ಚಿದವರಿಗೆ ಗೊತ್ತಾಗುವುದಾದರೂ ಹೇಗೆ?

"ಹೌದು ಆಂಟಿ, ಮೊನ್ನೆ ಒಂದು ಪೀಸ್ ನನ್ ಕಾಫಿ ಲೋಟಕ್ಕೆ ಬಿತ್ತು" ಎಂದಳು ಸ್ಮಿತಾ.

"ಮೊದಲೇ ಕೊಡಬಹುದಿತ್ತಲ್ಲ?" ಎಂದೆ, ಸೋಲೊಪ್ಪದೆ.

ಪದ್ಮಾವತಮ್ಮ ದನಿ ತಗ್ಗಿಸಿದರು. "ಹೇಗೆ ಕೊಡಲಿ? ಎಲ್ಲ ಒಟ್ಟಿಗೇ ಕೊಡೋಣ ಅಂತಿದ್ದೆ, ಹೋದ ವಾರ ನೋಡಿದ್ರೆ ಚೂರಿನ ಮೇಲೆಲ್ಲ ರಕ್ತ. ಪಾಪ, ಇಷ್ಟು ಕೈ ಕುಯ್ಕೊಂಡ್ರೂ ಯಾರಿಗೂ ಹೇಳದೆ ಗಿಣಿ ಮಾಡ್ತಿದಾರಲ್ಲ ಅಂತ ಸಂಕಟ ಆಯ್ತು. ತೊಳೆದು ಕೊಡೋಣ ಅಂತ ಮನೆಗೆ ಒಯ್ದೆ. ಹುಣಸೆಹಣ್ಣು ಹಾಕಿ ಉಜ್ಜಿದೆ, ಸೀಗೇಪುಡಿ ಹಾಕಿ ಉಜ್ಜಿದೆ. ನಿಮ್ಮ ರಕ್ತ ಹೋಗ್ತಾನೇ ಇಲ್ಲ ಕಣ್ರೀ."

ಹೇಳುತ್ತಲೇ ಬ್ಯಾಗಿನಿಂದ ಅರಿಶಿನದ ಪೊಟ್ಟಣ ತೆಗೆದರು. "ಯಾವ ಬೆರಳು?"

ಸತ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಿದರೆ ನೇಲ್ ಪಾಲಿಶ್ ಏಕೆ ಹಚ್ಚಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ನಾನು ಎಡಗೈ ತೋರುಬೆರಳನ್ನು ಮುಂದೆ ಚಾಚಿದೆ. ಅವರು ಗಾಯ ಕಾಣದಿದ್ದರೂ ಅರಿಶಿನ ಮೆತ್ತಿ, ಅದೇ ಕರ್ಚೀಫ್ ಸುತ್ತಿ, "ಬೇಗ ಕೂಡಿಕೊಂಡಿದೆ, ಒಳ್ಳೇ ಮೈ" ಎಂದರು.

ಗಿಣಿ ಈಗ ನಮ್ಮ ಬಾಗಿಲ ಪಕ್ಕದಲ್ಲಿದೆ. ರೆಕ್ಕೆ ತುಂಬಿದೆ. ಆ ಗಡಿಬಿಡಿಯಲ್ಲಿ ಒಂದು ಚೂರನ್ನು ಮಾತ್ರ ತಿರುವುಮುರುವಾಗಿ ಅಂಟಿಸಿಬಿಟ್ಟಿದ್ದೇನೆ. ಹಸಿರಿನ ನಡುವೆ ಒಂದು ಕೆಂಪು ಚುಕ್ಕೆ. ಪದ್ಮಾವತಮ್ಮ ಈಗ ಅರಸೀಕೆರೆಗೆ ಬಂದಾಗೆಲ್ಲ ನಮ್ಮ ಮನೆಗೂ ಬರುತ್ತಾರೆ. ಬಾಗಿಲಲ್ಲಿ ನಿಂತು ಆ ಚುಕ್ಕೆಯನ್ನು ಸವರಿ, "ನಿಮ್ಮ ಬೆರಳು ಹೇಗಿದೆ?" ಎಂದು ಕೇಳುತ್ತಾರೆ. ನಾನು ಯಾವ ಬೆರಳೆಂದು ಒಂದು ಕ್ಷಣ ನೆನಪು ಮಾಡಿಕೊಂಡು, ತೋರಿಸುತ್ತೇನೆ. ಅವರು ನೋಡಿ ಮುಗುಳ್ನಗುತ್ತಾರೆ, ಅಪ್ಪಟ ಏಂಜಲ್‌ನಂತೆ. ಹೋದ ಸಲ ನಾನು ಬಲಗೈ ತೋರಿಸಿದೆನೇನೋ ಎಂಬ ಅನುಮಾನ ಈಗ ಶುರುವಾಗಿದೆ.