ಕಂಪ್ಯೂಟರಿಗೊಂದು ಮ್ಯಾಚಿಂಗ್ ಕಾರ್ಡು

ಸೋಲುವುದು ನನಗೆ ಅಷ್ಟೇನೂ ಕಷ್ಟದ ಕೆಲಸವಲ್ಲ. ಚಿಕ್ಕಂದಿನಿಂದ ಅಭ್ಯಾಸವಿದೆ. ಕೇರಂನಲ್ಲಿ ಸೋತರೆ ಪೌಡರ್ ಸಾಲದು ಎನ್ನುತ್ತಿದ್ದೆ, ಕ್ರಿಕೆಟ್ಟಿನಲ್ಲಿ ಸೋತರೆ ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನುತ್ತಿದ್ದೆ. ಸೋಲಿಗೊಂದು ಒಳ್ಳೆಯ ಕಾರಣ ಕೈಯಲ್ಲಿದ್ದರೆ ಊಟ ರುಚಿಸುತ್ತದೆ, ನಿದ್ದೆಯೂ ಬರುತ್ತದೆ. ಕಾರಣವಿಲ್ಲದ ಸೋಲನ್ನು ಮಾತ್ರ ನಾನು ಸಹಿಸಲಾರೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಒದಗಿದ್ದ ಕಾರಣದ ಹೆಸರು ಗ್ರಾಫಿಕ್ಸ್ ಕಾರ್ಡು.

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಅದರ ಲೆಕ್ಕ ಇಡುವುದಕ್ಕೆಂದು ಬೆಂಗಳೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದಿದ್ದೆ. ಲೆಕ್ಕ ಅದರೊಳಗೆ ಒಂದು ದಿನವೂ ಹೋಗಲಿಲ್ಲ. ಹೋದದ್ದು ಕಾರ್ ರೇಸಿನ ಆಟ. ಪ್ರತಿ ಭಾನುವಾರ ನಯಾಜ್ ಬರುತ್ತಿದ್ದ. ನನ್ನ ಜೊತೆ ಓದಿದವನು, ನನ್ನಿಂದಲೇ ನೂಲು ಕೊಂಡು ಹುರಿ ಮಾಡಿಸುವವನು. ನನ್ನ ಮನೆಯಲ್ಲಿ, ನನ್ನ ಕುರ್ಚಿಯ ಮೇಲೆ ಕುಳಿತು, ನನ್ನ ಹೆಂಡತಿ ವಿಮಲ ಮಾಡಿದ ಕಾಫಿ ಕುಡಿದು, ನನ್ನದೇ ಕಂಪ್ಯೂಟರಿನಲ್ಲಿ ನನ್ನನ್ನು ಸೋಲಿಸಿ ಹೋಗುತ್ತಿದ್ದ. ಇಬ್ಬರೂ ಸರದಿಯ ಮೇಲೆ ಕಾರು ಓಡಿಸುವುದು, ಬೇಗ ಗುರಿ ಮುಟ್ಟಿದವನು ಗೆದ್ದಂತೆ. ನನ್ನ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುತ್ತಿತ್ತು. "ಚಿತ್ರ ಜರ್ಕ್ ಹೊಡೀತದೆ ಕಣೋ. ರಸ್ತೆ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ್ಲೇ ಗೊತ್ತಾಗಲ್ಲ. ಹಳೇ ಕಾರ್ಡು" ಎನ್ನುತ್ತಿದ್ದೆ. ಅದೇ ಹಳೇ ಕಾರ್ಡಿನಲ್ಲಿ ಅವನೂ ಆಡುತ್ತಿದ್ದಾನೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ತಲೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಭಾನುವಾರ ನಯಾಜ್, "ಅರೆ ಯಾರ್, ಹಂಗಾದ್ರೆ ಹೊಸಾ ಕಾರ್ಡು ಹಾಕ್ಸು. ಆಮೇಲೂ ಸೋತ್ರೆ ಒಪ್ಕೋಬೇಕು, ನಿಂಗೆ ಓಡ್ಸಕ್ಕೆ ಬರಲ್ಲಾಂತ" ಎಂದ. ವಿಮಲಳ ಎದುರಿಗೇ ಹೇಳಿದ್ದರಿಂದ ಅದು ಮಾನದ ಪ್ರಶ್ನೆಯಾಯಿತು.

ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಆಗಷ್ಟೇ ಒಂದು ಕಂಪ್ಯೂಟರ್ ಅಂಗಡಿ ಶುರುವಾಗಿತ್ತು. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮದ್ರಲ್ಲಿ ಕಾರ್ಡ್ ಕೂರ್ಸಕ್ಕೆ ಯಾವ ಸ್ಲಾಟ್ ಐತೆ ಸಾರ್, ಪಿಸಿಐನಾ ಎಜಿಪಿನಾ?" ಗೊತ್ತಿಲ್ಲ ಎಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳೆದವನು. ಅಲ್ಲಿ ಕೊಳ್ಳುವವನು ಗೊತ್ತಿಲ್ಲ ಎಂದನೋ, ಅವನ ಕಥೆ ಮುಗಿಯಿತು. "ಎಲ್ಲಾ ತೋರ್ಸಿ, ನೋಡಿ ಹೇಳ್ತೀನಿ" ಎಂದೆ. ರಾಶಿಗೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆದು, ಅಂಗೈಯಲ್ಲೇ ತೂಕ ನೋಡಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಆಡುವ ಸದ್ದಿನಿಂದ ಮಾಲು ಎಂಥದೆಂದು ಹೇಳುವುದನ್ನು ನಮ್ಮಪ್ಪ ನನಗೆ ಕಲಿಸಿದ್ದರು. ಕೈ ತಾನಾಗಿಯೇ ಆ ಕೆಲಸ ಶುರು ಮಾಡಿತು. ಇದ್ದುದರಲ್ಲೆಲ್ಲ ಭಾರವಾದ ಕಾರ್ಡನ್ನು ಆರಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದು ಬರಲಿಲ್ಲ. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯದೆ ಗಂಭೀರವಾಗಿ ತಲೆದೂಗಿ, "ಇದು ಕೊಡಿ" ಎಂದೆ. ಅಂಗಡಿಯವರು ನನ್ನನ್ನೇ ನೋಡುತ್ತ, "ಏಮೋ ಸಾರ್, ನಿಮ್ಮಿಷ್ಟ" ಎಂದು ಕಟ್ಟಿಕೊಟ್ಟರು.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ನೋಡಿದರೆ ಕಾರ್ಡು ಯಾವ ಸಂದಿಗೂ ಕೂರಲಿಲ್ಲ. ಉದ್ದಕ್ಕೆ ಹಿಡಿದೆ, ಓರೆಯಾಗಿ ಹಿಡಿದೆ, ಬುದ್ಧಿಮಾತು ಹೇಳಿದೆ. ನಯಾಜ್ ಬಂದು ಬಗ್ಗಿ ನೋಡಿ, "ಇಷ್ಟೇನಾ? ಸ್ವಲ್ಪ ಅರ ಹಾಕಿ ಉಜ್ಜಣ, ಕೂತ್ಕೊಂತದೆ" ಎಂದ. ಹುರಿ ಮಿಷಿನ್ನಿನ ಯಾವ ಬಿಡಿಭಾಗ ಕೂರದಿದ್ದರೂ ನಮ್ಮೂರಲ್ಲಿ ಮಾಡುವುದು ಅದನ್ನೇ. ನನಗೂ ಸರಿಯೆನ್ನಿಸಿ ಅರ ಹುಡುಕಲು ಎದ್ದೆ. ಬಾಗಿಲಲ್ಲಿ ನಿಂತಿದ್ದ ವಿಮಲ, "ಅಲ್ಲಾ ಕಣ್ರೀ, ನಾನು ಬ್ಲೌಸ್ ಪೀಸ್ ತರಕ್ಕೆ ಚಿಂತಾಮಣಿಗೆ ಹೋಗ್ವಾಗ ಸೀರೆ ತಗೊಂಡೇ ಹೋಗ್ತೀನಲ್ವಾ? ಹೊಂದ್ಬೇಕು ಅಂದ್ರೆ ಪೆಟ್ಟಿಗೇನೇ ತಗೊಂಡ್ಹೋಗಿ ತೋರ್ಸಿ" ಎಂದಳು. ಅರ ಸಿಗಲಿಲ್ಲವಾದ್ದರಿಂದ ಅವಳ ಮಾತು ಕೇಳಿದೆ.

ಮಾರನೆಯ ದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕಂಡಕ್ಟರು, "ಗೂಡಾ ಸಾ? ಮೇಲೆ ಹಾಕಿ" ಎಂದ. ಕಂಪ್ಯೂಟರ್ ಎಂದೆ. "ಎಲ್ಲಿಗ್ ಕರ್ಕೊಂಡ್ ಹೋಗ್ತಿದೀರಾ?" ಎಂದು ಕೇಳಿದ. ಪಕ್ಕದಲ್ಲಿದ್ದ ಹೆಂಗಸು ಮಗುವಿಗೆ ಜಾಗ ಬಿಡುವಂತೆ ಸರಿದು ಕುಳಿತು, "ಏನಾಗೈತಪ್ಪಾ ಇದಕ್ಕೆ?" ಎಂದು ಕನಿಕರದಿಂದ ವಿಚಾರಿಸಿದಳು. ಕಣ್ಣು ಮಂಜು ಎಂದೆ. ನನಗೆ ತಿಳಿದಿದ್ದೂ ಅಷ್ಟೇ.

ಅಂಗಡಿಯವರು ಪೆಟ್ಟಿಗೆ ಬಿಚ್ಚಿದಾಗ ಒಳಗೆ ಧೂಳು, ಒಂದು ಸತ್ತ ರೇಷ್ಮೆ ಚಿಟ್ಟೆ. ಅದನ್ನು ಊದಿ ತೆಗೆದು, "ನಿಮ್ಮದ್ರಲ್ಲಿ ಇರೋದು ಬರೀ ಬಿಳೀ ಸ್ಲಾಟು, ಪಿಸಿಐ. ನೀವು ತಗೊಂಡಿದ್ದು ಎಜಿಪಿ, ಹೊಸ ಮಿಷಿನ್ದು. ಜನ್ಮದಲ್ಲಿ ಕೂರಲ್ಲ ಸಾರ್" ಎಂದರು. ಒಳ್ಳೆಯ ಮನುಷ್ಯ, ಗೊಣಗದೆ ಬದಲಾಯಿಸಿ ಕೊಟ್ಟರು. ಡ್ರಾಯರಿನ ಮೂಲೆಯಿಂದ ಹೊರಬಂದ ಕಾರ್ಡು ಚಿಕ್ಕದು, ಹಗುರ. ಮಾರುಕಟ್ಟೆಯಲ್ಲಾದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಕೊಡುವ ಮುಂಚೆ ಅವರು ಅದನ್ನು ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ, "ಒಳ್ಳೇ ಮಾಲೇ ಸಾರ್" ಎಂದರು. ಹಾಕಿದ ಕೂಡಲೇ ಕೂತಿತು.

ಭಾನುವಾರ ಬಂತು. ತೆರೆಯ ಮೇಲೆ ಆಕಾಶಕ್ಕೆ ಮೋಡ ಬಂದಿತ್ತು, ಮರಗಳಿಗೆ ಎಲೆ ಬಂದಿತ್ತು, ಚಿತ್ರ ನೀರು ಹರಿದಂತೆ ಓಡುತ್ತಿತ್ತು. ನನಗೆ ನಿಜವಾಗಿಯೂ ಸಂತೋಷವಾಯಿತು. ಅದೇ ಸಂತೋಷದಲ್ಲಿ ಹೊರಟೆ. ಮೊದಲ ತಿರುವು ಬಂತು, ಗೋಡೆ ಬಂತು, ಅದರ ಒಂದೊಂದು ಇಟ್ಟಿಗೆಯೂ ಬಿಡಿಬಿಡಿಯಾಗಿ ಕಂಡಿತು, ಹೋಗಿ ಗುದ್ದಿದೆ. ಆಮೇಲೆ ನಯಾಜ್ ಕಾಫಿ ಲೋಟ ಕೆಳಗಿಟ್ಟು, ನಿಧಾನವಾಗಿ ಗೆದ್ದು, ನನ್ನ ಮುಖ ನೋಡಿದ. ಬೈದಿದ್ದರೆ ವಾಸಿಯಿತ್ತು.

"ಈ ಕೀಬೋರ್ಡು ಸರಿಯಿಲ್ಲ ಕಣೋ, ಒತ್ತಿದ್ದು ಲೇಟಾಗಿ ಹೋಗ್ತದೆ" ಎಂದೆ.

ಅಡುಗೆಮನೆಯಿಂದ ವಿಮಲಳ ದನಿ ಬಂತು. "ಹಂಗಾದ್ರೆ ನಾಳೆ ಕೀಬೋರ್ಡ್ ಮನೇಲೇ ಬಿಟ್ಟು ನೀವೊಬ್ರೇ ಹೋಗ್ಬನ್ನಿ. ಅಂಗಡಿಯವ್ರು ನಿಮ್ಮನ್ನೇ ಬಿಚ್ಚಿ ನೋಡಿ ಹೇಳ್ಲಿ."

ಸೋಮವಾರ ನಾನು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಕೀಬೋರ್ಡು ಕಂಕುಳಲ್ಲೇ ಇತ್ತು.